ಮಾವನ ರಿಪೋರ್ಟಿನಲ್ಲಿ ಕೆ-ರಾಸ್ ಪಾಸಿಟಿವ್ ಅಂತ ಉಂಟು, ಎಂತ ಅದು?

ಕುಡ್ಲದ_ಮಾಣಿ:
ಮಾವನಿಗೆ (ಅಮ್ಮನ ತಮ್ಮ, 46 ವರ್ಷ) ದೊಡ್ಡ ಕರುಳಿನ ಕ್ಯಾನ್ಸರ್, ಲಿವರಿಗೂ ಹೋಗಿದೆ. ರಿಪೋರ್ಟಿನಲ್ಲಿ ಕೆ-ರಾಸ್ ಜಿ12ಡಿ ಪಾಸಿಟಿವ್ ಅಂತ ಬಂತು, ಡಾಕ್ಟ್ರು ಸೆಟುಕ್ಸಿಮಾಬ್ ಇಂಜೆಕ್ಷನ್ ಇವರಿಗೆ ಹಿಡಿಯುವುದಿಲ್ಲ ಬರೀ ಕೀಮೋ ಮಾಡುವ ಅಂತ ಎರಡೇ ನಿಮಿಷದಲ್ಲಿ ಮುಗಿಸಿದ್ರು. ನಮ್ಮ ಹತ್ರ ದುಡ್ಡಿಲ್ಲ ಅಂತ ಕೊಡ್ಲಿಲ್ಲವಾ ಅಂತ ಅತ್ತೆಗೆ ಡೌಟು, ಮತ್ತೆ ಮಕ್ಕಳಿಗೂ ಬರ್ತದಾ ಅಂತ ಹೆದರಿಕೆ. ಗೊತ್ತಿದ್ದವರು ಸ್ವಲ್ಪ ಹೇಳಿ.

ಲ್ಯಾಬ್‌ಬೆಕ್ಕು, ಮಣಿಪಾಲ:
ದುಡ್ಡಿನ ವಿಷಯ ಅಲ್ಲ ಮಾರಾಯ್ರೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಹೊರಡುವ ಸಿಟಿ ಬಸ್ ನೋಡಿ, ಕಂಡಕ್ಟರ್ ರೈಟ್ ಪೋಯಿ ಅಂದ್ರೆ ಡ್ರೈವರ್ ಬಿಡ್ತಾನೆ. ಸೆಲ್ಲಿನ ಹೊರಪೊರೆಯಲ್ಲಿರುವ ಇಜಿಎಫ್‌ಆರ್ ಅನ್ನುವ ಪ್ರೊಟೀನು ಕಂಡಕ್ಟರ್, ಒಳಗಿನ ಕೆ-ರಾಸ್ ಅನ್ನುವ ಪ್ರೊಟೀನು ಡ್ರೈವರ್. ಬೆಳಿ ಅಂತ ಸಿಗ್ನಲ್ ಬಂದ್ರೆ ಕೆ-ರಾಸ್ ಜಿಟಿಪಿ ಅನ್ನುವ ಸಣ್ಣ ಅಣುವನ್ನು ಹಿಡ್ಕೊಂಡು ಆನ್ ಆಗ್ತದೆ, ಆಮೇಲೆ ಅದನ್ನೇ ಒಡೆದು ಜಿಡಿಪಿ ಮಾಡಿ ಆಫ್ ಆಗ್ತದೆ (ದೇಶದ ಜಿಡಿಪಿ ಅಲ್ಲ). ಪ್ರೊಟೀನು ಅಂದ್ರೆ ಅಮೈನೊ ಆಸಿಡ್‌ಗಳ ಸರ, ಜಿ12ಡಿ ಅಂದ್ರೆ ಅದರಲ್ಲಿ 12ನೇ ಜಾಗದ ಗ್ಲೈಸಿನ್ ಹೋಗಿ ಆಸ್ಪಾರ್ಟಿಕ್ ಆಸಿಡ್ ಬಂದು ಕೂತದ್ದು. ಅಷ್ಟಕ್ಕೇ ಆಫ್ ಆಗುವುದು ಕೆಟ್ಟುಹೋಗಿ ಆಕ್ಸಿಲರೇಟರ್ ಜಾಮ್. ಸೆಟುಕ್ಸಿಮಾಬ್ ಮುಚ್ಚುವುದು ಕಂಡಕ್ಟರನ ಬಾಯಿ, ಡ್ರೈವರ್ ಅವನ ಮಾತೇ ಕಾಯದಿದ್ರೆ ಎಂತ ಪ್ರಯೋಜನ? ಕರುಳಿನ ಕ್ಯಾನ್ಸರಿನವರಲ್ಲಿ 100ಕ್ಕೆ ಸಾಧಾರಣ 40 ಜನರಿಗೆ ಕೆ-ರಾಸ್ ಹೀಗೆ ಕೆಟ್ಟಿರ್ತದೆ.

ಪಡುಬಿದ್ರಿಯವ:
ಕೆ-ರಾಸಿಗೆ ಮಾತ್ರೆ ಬಂದಿದೆ ಅಂತ ವಾಟ್ಸಾಪಲ್ಲಿ ಬಂದಿತ್ತು, ಸೊಟೊರಾಸಿಬ್ ಅಂತ. ಕೇಳಿ ನೋಡಿ.

ಲ್ಯಾಬ್‌ಬೆಕ್ಕು, ಮಣಿಪಾಲ:
ಅದು ಜಿ12ಸಿಗೆ, ಅಂದ್ರೆ ಅದೇ 12ನೇ ಜಾಗದ ಬೇರೆ ಬದಲಾವಣೆಗೆ. ಅಲ್ಲಿ ಸಿಸ್ಟೀನ್ ಇರ್ತದೆ, ಮಾತ್ರೆ ಅಂಟುವುದೇ ಅದಕ್ಕೆ, ಡಿಯಲ್ಲಿ ಅದು ಇಲ್ಲ. ಮನುಷ್ಯರ ಗಡ್ಡೆಯಲ್ಲಿ ಕೆಟ್ಟ ರಾಸ್ ಸಿಕ್ಕಿದ್ದು 1982ರಲ್ಲಿ, ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ, ಅದೂ ಮೊದಲು ಶ್ವಾಸಕೋಶದ್ದಕ್ಕೆ. ಪ್ರೊಟೀನಿನ ಮೈ ಅಷ್ಟು ನುಣ್ಣಗೆ, ಔಷಧಿಗೆ ಹಿಡ್ಕೊಳ್ಲಿಕ್ಕೆ ಗುಳಿಯೇ ಸಿಗ್ತಿರ್ಲಿಲ್ಲ.

ಬೂತಾಯಿ_ಪುಳಿಮುಂಚಿ:
ಮಕ್ಕಳದ್ದು ಯಾರೂ ಹೇಳ್ಲೇ ಇಲ್ಲ. ಕೆ-ರಾಸ್ ಬದಲಾದದ್ದು ಗಡ್ಡೆಯೊಳಗೆ ಮಾತ್ರ, ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದಿಲ್ಲ. ಆದ್ರೆ ರಿಪೋರ್ಟಿನಲ್ಲಿ ಎಂಎಂಆರ್ (ಡಿಎನ್‌ಎ ನಕಲಾಗುವಾಗಿನ ತಪ್ಪು ತಿದ್ದುವ ವ್ಯವಸ್ಥೆ) ಅಂತ ಉಂಟಾ ನೋಡಿ, ಕುಟುಂಬದಲ್ಲಿ ಬರುವ ನಮೂನೆಯದ್ದಾದ್ರೆ ಸುಳಿವು ಸಿಗುವುದು ಅಲ್ಲಿ. ಹೇಗೂ 46ಕ್ಕೆ ಬಂದದ್ದಲ್ವಾ, ಮಕ್ಕಳು ಹತ್ತು ವರ್ಷ ಮುಂಚೆ ಅಂದ್ರೆ 36ಕ್ಕೇ ಕೊಲೊನೊಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಶುರು ಮಾಡ್ಬೇಕು. ನಿಮ್ಮ ಅಮ್ಮನದ್ದು ಈಗ್ಲೇ ಮಾಡಿಸಿ, ಒಡಹುಟ್ಟಿದವರಲ್ವಾ.

ಕುಡ್ಲದ_ಮಾಣಿ:
ಎಂಎಂಆರ್ ಎದುರು ಪ್ರೊಫಿಶಿಯೆಂಟ್ ಅಂತ ಉಂಟು, ಒಳ್ಳೆದಾ?

ಬೂತಾಯಿ_ಪುಳಿಮುಂಚಿ:
ಅಂದ್ರೆ ಆ ತಿದ್ದುವ ಕೆಲಸ ಸರಿ ಉಂಟು, ಆ ಲೆಕ್ಕದಲ್ಲಿ ಒಳ್ಳೆದೇ, ಕೊಲೊನೊಸ್ಕೋಪಿ ಮಾತ್ರ ಬಿಡ್ಬೇಡಿ.

ಕುಡ್ಲದ_ಮಾಣಿ:
ಅತ್ತೆಗೆ ಬಸ್ಸಿನ ಕತೆಯೇ ಹೇಳಿದೆ, ಡಾಕ್ಟ್ರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಅಮ್ಮ ಕೊಲೊನೊಸ್ಕೋಪಿ ಅಂದ್ರೆ ಅಡುಗೆಮನೆಗೆ ಎದ್ದು ಹೋಗ್ತಾರೆ. ಆದಿತ್ಯವಾರ ಅಕ್ಕ ಬರ್ತಾಳೆ, ಅವಳ ಹತ್ರ ಹೇಳಿಸ್ತೇನೆ.