ಗ್ಯಾರೇಜ್ ಸೇಲಲ್ಲಿ ಸಿಕ್ಕ ಎರಡು ಮೆಕಿನ್ಲಿ ಬಿಲ್ಲೆ: ಯಾವುದು ಅಸಲಿ?

ರ್ಯಾರಿಟನ್‌ತೀರ:

ಎಲ್ಲರಿಗೂ ನಮಸ್ಕಾರ. ನಾನಿರೋದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. ಕಳೆದ ಶನಿವಾರ ನಮ್ಮ ಬೀದಿಯ ಕೊನೇ ಮನೆಯಲ್ಲಿ ಗ್ಯಾರೇಜ್ ಸೇಲ್ ಇತ್ತು. ಆ ಮನೆಯ ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಕ್ಕಳು ಸಾಮಾನೆಲ್ಲ ಹೊರಗಿಟ್ಟು ಮಾರ್ತಿದ್ರು. ನಾನು ಹೋಗಿದ್ದು ಮಡಚೋ ಕುರ್ಚಿಗೆ, ಬಂದಿದ್ದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಹಿಡ್ಕೊಂಡು. ಒಳಗೆ ಅಂಗಿಗೆ ಚುಚ್ಚಿಕೊಳ್ಳೋ ಪಿನ್ ಬಿಲ್ಲೆಗಳು, ಎಣಿಸಿದರೆ 43. ಹನ್ನೆರಡು ಡಾಲರ್ ಕೊಟ್ಟೆ. ಮನೆಯವರು "ಕುರ್ಚಿ ಎಲ್ಲಿ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಡಬ್ಬಿಯಲ್ಲಿ ಹಿಂದಿನ ಕಾಲದ ಅಮೆರಿಕ ಅಧ್ಯಕ್ಷ ವಿಲಿಯಂ ಮೆಕಿನ್ಲಿಯ ಎರಡು ಬಿಲ್ಲೆ ಇವೆ. ಒಂದರಲ್ಲಿ ಇಬ್ಬರ ಮುಖ. ಮೆಕಿನ್ಲಿ ಪಕ್ಕದಲ್ಲಿ ಮೀಸೆ, ಕನ್ನಡಕ ಇರೋ ಇನ್ನೊಬ್ಬ. ಸ್ವಲ್ಪ ಕಂದು ಚುಕ್ಕೆ ಬಿದ್ದಿದೆ. ಹಿಂದುಗಡೆ ತಗಡಿನ ಬಳೆ, ಅದರೊಳಗೆ ಗುಂಡಗೆ ಕತ್ತರಿಸಿದ ಕಾಗದ: "ವೈಟ್‌ಹೆಡ್ ಅಂಡ್ ಹೋಗ್, ನ್ಯೂಆರ್ಕ್", ಕೆಳಗೆ ಪೇಟೆಂಟ್ ತಾರೀಖು 1896ರ ಜುಲೈ 21. ಇನ್ನೊಂದರಲ್ಲಿ ಮೆಕಿನ್ಲಿ ಒಬ್ಬನೇ. ನಿನ್ನೆ ಮಾಡಿದ ಹಾಗೆ ಫಳಫಳ. ಹಿಂದೆ ಕಾಗದ ಇಲ್ಲ, ಬರೀ ತಗಡು. ಅಂಚಿನಲ್ಲಿ ಇರುವೆಯಂಥ ಅಕ್ಷರ, ಕೊನೆಗೆ 72 ಇದ್ದ ಹಾಗೆ ಕಾಣುತ್ತೆ.

ನನ್ನ ಲೆಕ್ಕದಲ್ಲಿ ಮೊದಲನೆಯದು 1896ರದ್ದು. ಸರೀನಾ? ಎರಡನೆಯದು ಇಷ್ಟು ಚೆನ್ನಾಗಿರೋದರಿಂದ ಅದಕ್ಕೇ ಬೆಲೆ ಜಾಸ್ತಿಯಾ? ಇವುಗಳ ಜೊತೆ ಸಣ್ಣ ಸೂಪರ್‌ಮ್ಯಾನ್ ಬಿಲ್ಲೆ ಒಂದು, ಹಳದಿ ನಗುಮುಖ ಒಂದು ಇವೆ. ಇಷ್ಟೆಲ್ಲ ಯಾಕೆ ಮಾಡಿದರು, ಯಾರು ಹಾಕ್ಕೊಳ್ತಿದ್ರು, ಗೊತ್ತಿರೋರು ಹೇಳಿ. ಕಂದು ಚುಕ್ಕೆಗೆ ಹುಣಸೆಹಣ್ಣು ಹಚ್ಚಿ ಉಜ್ಜೋಣ ಅಂತಿದ್ದೀನಿ, ಹಿತ್ತಾಳೆ ದೀಪಕ್ಕೆ ಮಾಡೋ ಹಾಗೆ.


ಫೇಡೆಪ್ರಿಯ:

ಹನ್ನೆರಡು ಡಾಲರ್ ಅಂದ್ರ ಸಾವಿರ ರೂಪಾಯಿ ಆತಲ್ರೀ ಅಕ್ಕಾರ! ಸಾವಿರ ರೂಪಾಯಿಗೆ ತುಕ್ಕು ತಗೊಂಡು ಬಂದೀರಿ. ಕಂಪನಿ ಹೆಸರೂ ಛಲೋ ಅದ, "ಹೋಗ್". ನಿಮ್ಮ ಯಜಮಾನ್ರು ಹೇಳಿದ್ದೂ ಅದನ್ನ ಇರಬೇಕು. ತಮಾಷಿ ಮಾಡಿದೆ, ಸಿಟ್ಟಾಗಬ್ಯಾಡ್ರಿ. ತಗಡುರಾಯರು ಈ ಕಡೆ ಬಂದ್ರ ಅವರೇ ಹೇಳ್ತಾರ, ಅವರಿಗೆ ಇದ್ರಾಗ ಕೈ ಪಳಗ್ಯದ.


ತಗಡುರಾಯ:

ತಾಯಿ, ಮೊದಲು ಆ ಹುಣಸೆಹಣ್ಣು ವಾಪಸ್ ಅಡುಗೆಮನೆಗೆ ಹೋಗಲಿ. ನೀರು, ಸೋಪು, ವಿನೆಗರ್, ಒದ್ದೆ ಬಟ್ಟೆ, ಯಾವುದೂ ಬೇಡ. ಆ ಬಿಲ್ಲೆ ತಗಡಿನ ಹಾಗೆ ಕಂಡರೂ ಒಳಗೆ ಕಾಗದ ಇದೆ. ಅಂಚಿನಿಂದ ಒಂದು ಹನಿ ನೀರು ಇಳಿದರೆ ಸಾಕು, ಇವತ್ತಿನ ಎರಡು ಚುಕ್ಕೆ ವರ್ಷ ಕಳೆಯೋದರೊಳಗೆ ಇಪ್ಪತ್ತಾಗುತ್ತೆ.

ನಾನು ಹೇಳೋ ಮಾತಿಗೆ ಆಧಾರ ಏನು ಅಂತ ಕೇಳಬಹುದು. ಕಾಟನ್‌ಪೇಟೆಯ ಒಂದು ಓಣಿಯಲ್ಲಿ ಇಪ್ಪತ್ತಾರು ವರ್ಷ ಬ್ಯಾಡ್ಜು ಒತ್ತಿದವನು ನಾನು. 1977ರಲ್ಲಿ ಜನತಾ ಪಕ್ಷದ ನೇಗಿಲು ಹೊತ್ತ ರೈತ, ಮಾರನೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಗೆ ಹಸ್ತ, ನವೆಂಬರ್ ಬಂದರೆ ಹಳದಿ ಕೆಂಪು. ಮಗ ಓಹಾಯೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಗೆ ಹೋಗಿ ಬಂದು ಮಾಡ್ತೀನಿ. ಅವನ ಮನೆಯಿಂದ ಮುಕ್ಕಾಲು ಗಂಟೆ ದಾರಿ ಕ್ಯಾಂಟನ್, ಮೆಕಿನ್ಲಿಯ ಊರು. ದೊಡ್ಡ ಗುಮ್ಮಟದ ಸಮಾಧಿ ಇದೆ. ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಮೊದಲ ಸಲ ಮೆಕಿನ್ಲಿ ಬಿಲ್ಲೆ ಕೈಗೆ ತಗೊಂಡು ತಿರುಗಿಸಿ ನೋಡಿದಾಗ ಮೈ ಜುಮ್ ಅಂತು. ನಮ್ಮ ಕಾಟನ್‌ಪೇಟೆ ಕೆಲಸವೇ! ಎಂಬತ್ತು ವರ್ಷ ಮುಂಚೆ ಮಾಡಿದ್ದು, ಅಷ್ಟೇ ವ್ಯತ್ಯಾಸ.

ಕೆಲಸ ಹೇಗೆ ಅಂದರೆ, ನಾಲ್ಕು ಸಾಮಾನು ಬೇಕು. ಬಟ್ಟಲ ಹಾಗೆ ಒತ್ತಿದ ತಗಡಿನ ಬಿಲ್ಲೆ, ಅದರ ಮೇಲೆ ಅಚ್ಚಾದ ಕಾಗದ, ಕಾಗದದ ಮೇಲೆ ಪಾರದರ್ಶಕ ಹಾಳೆ, ಹಿಂದುಗಡೆಗೆ ಒಂದು ಬಳೆ. ಡೈನಲ್ಲಿ ಕೂರಿಸಿ ಹ್ಯಾಂಡ್ ಪ್ರೆಸ್ ಎಳೆದರೆ ಹಾಳೆಯೂ ಕಾಗದವೂ ಅಂಚು ದಾಟಿ ಹಿಂದಕ್ಕೆ ಮಡಚಿಕೊಳ್ಳುತ್ತೆ, ಬಳೆ ಅದನ್ನ ಕಚ್ಚಿ ಹಿಡಿಯುತ್ತೆ. ತಂತಿಯ ಪಿನ್ನು ಆ ಬಳೆಯ ಸಂದಿಯಲ್ಲೇ ಸ್ಪ್ರಿಂಗಿನ ಹಾಗೆ ಕೂರುತ್ತೆ. ಬೆಸುಗೆ ಇಲ್ಲ, ಅಂಟಿಲ್ಲ. ಬೆನ್ನು ಟೊಳ್ಳು ಇರೋದರಿಂದ ಕಂಪನಿಯವರು ಅಲ್ಲಿ ತಮ್ಮ ಹೆಸರಿನ ಕಾಗದ ಸಿಕ್ಕಿಸ್ತಿದ್ರು. ನಮ್ಮ ಕಾಲಕ್ಕೆ ಹಾಳೆ ಬೇರೆ ಪ್ಲಾಸ್ಟಿಕ್ಕು, ಅವರದ್ದು ಸೆಲ್ಯುಲಾಯ್ಡ್.

ಆ ಸೆಲ್ಯುಲಾಯ್ಡ್ ಬಂದದ್ದು ದಂತದಿಂದ, ಅಂದರೆ ದಂತ ಸಾಲದೇ ಹೋದದ್ದರಿಂದ. ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಏನಾದರೂ ಬೇಕು ಅಂತ ಹುಡುಕುತ್ತಿದ್ದ ಜಾನ್ ವೆಸ್ಲಿ ಹಯಾಟ್, ನೈಟ್ರೇಟ್ ಮಾಡಿದ ಹತ್ತಿಗೆ ನಮ್ಮ ಮಂಗಳಾರತಿ ಕರ್ಪೂರದಂಥದ್ದನ್ನೇ ಬೆರೆಸಿ ಈ ವಸ್ತು ಮಾಡಿದ. ಅವನ ಕಾರ್ಖಾನೆ 1870ರ ದಶಕದಲ್ಲಿ ನ್ಯೂಆರ್ಕಿಗೆ ಬಂತು. ಅದೇ ಊರಲ್ಲಿ 1892ರಲ್ಲಿ ಬೆಂಜಮಿನ್ ವೈಟ್‌ಹೆಡ್ ಮತ್ತು ಚೆಸ್ಟರ್ ಹೋಗ್ ಸೇರಿ ಕಂಪನಿ ಕಟ್ಟಿದರು. ಗುಂಡಿಗೆ ಸೆಲ್ಯುಲಾಯ್ಡ್ ಹೊದಿಸುವ ಪೇಟೆಂಟು ಬಾಸ್ಟನ್ನಿನ ಅಮಾಂಡಾ ಲೂಗೀ ಎಂಬ ಹೆಂಗಸಿನದ್ದು, ಅದನ್ನ ಕೊಂಡುಕೊಂಡರು. ಹಿಂದುಗಡೆಯ ಬಳೆ, ಪಿನ್ನಿನ ಉಪಾಯಕ್ಕೆ ಸಿಕ್ಕ ಪೇಟೆಂಟು 1896ರ ಜುಲೈ 21ರದ್ದು. ನವೆಂಬರಿನಲ್ಲಿ ಚುನಾವಣೆ! ಮೆಕಿನ್ಲಿ ಚಿನ್ನದ ನಾಣ್ಯದ ಕಡೆ, ಎದುರಾಳಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಬೆಳ್ಳಿಯ ಕಡೆ. ಬ್ರಯನ್ ಕಡೆಯವರ ಬಿಲ್ಲೆ ಮೇಲೆ "16ಕ್ಕೆ 1" ಅಂತ ಇರುತ್ತೆ, ಹದಿನಾರು ತೂಕ ಬೆಳ್ಳಿ ಒಂದು ತೂಕ ಚಿನ್ನಕ್ಕೆ ಸಮ ಅಂತ. ಆ ಒಂದೇ ಚುನಾವಣೆಯಲ್ಲಿ ಪಿನ್ ಬಿಲ್ಲೆ ದೇಶದ ತುಂಬ ಹರಡಿತು.

ಅದಕ್ಕೆ ಮುಂಚೆ ಇರಲಿಲ್ಲ ಅಂತೇನಲ್ಲ. 1789ರಲ್ಲಿ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗ ಕೋಟಿಗೆ ಹೊಲಿಯೋ ಹಿತ್ತಾಳೆ ಗುಂಡಿ ಮಾಡಿದ್ದರು. 1860ರಲ್ಲಿ ಲಿಂಕನ್ ಫೋಟೋವನ್ನ ಕಬ್ಬಿಣದ ತಗಡಿನ ಮೇಲೆ ತೆಗೆದು, ಚೌಕಟ್ಟು ಹಾಕಿ, ತೂತಿಗೆ ರಿಬ್ಬನ್ ಕಟ್ಟಿದರು. ಆದರೆ ಅವು ಒಂದೊಂದಕ್ಕೂ ಕೈಕೆಲಸ, ದುಡ್ಡು. ಪುಕ್ಕಟೆ ಹಂಚಬೇಕಾದರೆ ಮಾಡೋದು ಅಗ್ಗ ಆಗಬೇಕು, ಇದು ನಾನು ಅನುಭವದಿಂದ ಹೇಳ್ತೀನಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಮೊದಲನೆಯದು 1896ರದ್ದಲ್ಲ. ಬೆನ್ನಿನ ಕಾಗದದಲ್ಲಿರೋದು ಪೇಟೆಂಟ್ ಸಿಕ್ಕ ದಿನ. ಆ ಕಂಪನಿ ಎಷ್ಟೋ ವರ್ಷ ಅದೇ ತಾರೀಖು ಅಚ್ಚು ಹಾಕಿಕೊಂಡೇ ಬಂತು, ಎಷ್ಟೋ ಜನ ಇದರಲ್ಲೇ ಮೋಸ ಹೋಗೋದು. ಪಕ್ಕದ ಮುಖ ನೋಡಿ. 1896ರಲ್ಲಿ ಮೆಕಿನ್ಲಿ ಜೊತೆ ಉಪಾಧ್ಯಕ್ಷನಾಗಿ ನಿಂತವರು ನಿಮ್ಮ ನ್ಯೂಜೆರ್ಸಿಯವರೇ, ಗ್ಯಾರೆಟ್ ಹೋಬಾರ್ಟ್. ಮೀಸೆ ಅವರಿಗೂ ಉಂಟು. ಅವರು 1899ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. 1900ರಲ್ಲಿ ಅವರ ಜಾಗಕ್ಕೆ ಬಂದವರು ಥಿಯೋಡೋರ್ ರೂಸ್‌ವೆಲ್ಟ್, ಮೂಗಿಗೆ ಸಿಕ್ಕಿಸೋ ಕನ್ನಡಕ. ನೀವೇ ಕನ್ನಡಕ ಇದೆ ಅಂದಿದ್ದೀರಿ. ಹಾಗಾಗಿ ಅದು 1900ರ ಬಿಲ್ಲೆ, ಮತ್ತು ನೀವು ಹೇಳಿದ ಬೆನ್ನು ನೋಡಿದರೆ ಅಸಲಿ.

ಎರಡನೆಯದರ ಅಂಚನ್ನ ಭೂತಗನ್ನಡಿ ಹಿಡಿದು ಓದಿ. "ಎ-ಓ-1972" ಅಂತ ಇದ್ದರೆ ಅಮೆರಿಕನ್ ಆಯಿಲ್ ಕಂಪನಿ ಆ ವರ್ಷ ಹೊರತಂದ ನಕಲು. 1968ರಲ್ಲಿ ಕ್ಲೀನೆಕ್ಸ್‌ನವರೂ ಹೀಗೇ ಒಂದು ಕಂತು ಮಾಡಿದ್ದರು. ಅಕ್ಷರ ಸವೆದಿದ್ದರೂ ಚಿಂತೆಯಿಲ್ಲ. ಕಾಗದ, ಹಾಳೆ, ಬಳೆ ಇಲ್ಲದೆ ತಗಡಿನ ಮೇಲೇ ನೇರ ಬಣ್ಣ ಅಚ್ಚಾಗಿದ್ದರೆ ಅದು ಲಿಥೋ ಬಿಲ್ಲೆ. ಆ ವಿಧಾನ ಚುನಾವಣೆ ಬಿಲ್ಲೆಗಳಲ್ಲಿ ಬಳಕೆಗೆ ಬಂದದ್ದೇ 1916, 1920ರ ಸುಮಾರಿಗೆ. ಅಷ್ಟು ಹೊತ್ತಿಗೆ ಮೆಕಿನ್ಲಿ ಸತ್ತು ಹದಿನೈದು ವರ್ಷ. 1973ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನೇ ತಂದಿತು, ಇಂಥ ನಕಲು ಮಾಡಿದರೆ ತಯಾರಾದ ಇಸವಿ ಒತ್ತಿರಲೇಬೇಕು ಅಂತ. ಎಷ್ಟೋ ನಕಲುಗಳಲ್ಲಿ ಆ ಅಂಚನ್ನ ಉಜ್ಜಿ ಅಳಿಸಿ ಮಾರ್ತಾರೆ, ಅದು ಬೇರೆ ಕಥೆ.

ಬೆಲೆ ಕೇಳಿದಿರಿ. ಸಾಮಾನ್ಯ ಮೆಕಿನ್ಲಿ ಬಿಲ್ಲೆ ಲಕ್ಷಗಟ್ಟಲೆ ಹಂಚಿದ್ದು, ಇಪ್ಪತ್ತು ಮೂವತ್ತು ಡಾಲರಿಗೂ ಸಿಗುತ್ತೆ. ಹಳೇದಾದ್ದಕ್ಕೆ ಬೆಲೆ ಬರಲ್ಲ, ಕಡಿಮೆ ಮಾಡಿದ್ದಕ್ಕೆ ಬರುತ್ತೆ. 1920ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಜೇಮ್ಸ್ ಕಾಕ್ಸ್, ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಿಂತು ಹೀನಾಯವಾಗಿ ಸೋತರು. ಪ್ರಚಾರಕ್ಕೆ ದುಡ್ಡಿರಲಿಲ್ಲ, ಇಬ್ಬರ ಮುಖ ಇರೋ ಬಿಲ್ಲೆ ಬೆರಳೆಣಿಕೆಯಷ್ಟು. ಹರಾಜಿನಲ್ಲಿ ಅಂಥದ್ದೊಂದು ಲಕ್ಷ ಡಾಲರ್ ದಾಟಿದೆ. ಸೋತವರ ಬಿಲ್ಲೆಗೆ ಬೆಲೆ ಅಂತ ನನಗೆ ಮೊದಲೇ ಗೊತ್ತಿದ್ದರೆ! ನಮ್ಮಲ್ಲಿ ಒಬ್ಬ ಅಭ್ಯರ್ಥಿ ಇಪ್ಪತ್ತು ಸಾವಿರ ಬ್ಯಾಡ್ಜು ಮಾಡಿಸಿ, ಸೋತು, ಬಾಕಿ ದುಡ್ಡು ಕೊಡದೆ ಊರು ಬಿಟ್ಟ. ಅವನ ಮುಖದ ಎರಡು ಗೋಣಿಚೀಲ ಗುಜರಿಗೆ ಹಾಕಿದೆ, ಕೆಜಿ ಲೆಕ್ಕದಲ್ಲಿ.


ಹಳೇಕಾಗದ:

ರಾಯರು ಎಲ್ಲ ಹೇಳಿದ್ದಾರೆ, ನಾನು ಗ್ರಂಥಾಲಯದಲ್ಲಿ ಹಳೇ ಫಿಲ್ಮುಗಳ ಜೊತೆ ಒದ್ದಾಡಿದವಳಾಗಿ ಒಂದು ಮಾತು ಸೇರಿಸ್ತೀನಿ. ಹಳೇ ಸೆಲ್ಯುಲಾಯ್ಡ್ ಬೆಂಕಿಗೆ ಭಗ್ಗನೆ ಹತ್ತಿಕೊಳ್ಳುತ್ತೆ. ದೇವರ ಗೂಡಿನ ಹತ್ರ, ಒಲೆ ಪಕ್ಕದ ಶೆಲ್ಫಲ್ಲಿ ಇಡಬೇಡಿ. ಬಿಸಿಲಿಗೆ ಬಣ್ಣ ಹೋಗುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗಿನ ಆವಿಗೆ ತಾನೇ ಹಾಳಾಗುತ್ತೆ, ತಗಡೂ ತುಕ್ಕು ಹಿಡಿಯುತ್ತೆ. ಆಮ್ಲ ಇಲ್ಲದ ಕಾಗದದ ಪೊಟ್ಟಣ, ಒಣ ಕಪಾಟು, ಅಷ್ಟು ಸಾಕು. ಆ ಬಿಸ್ಕತ್ತಿನ ಡಬ್ಬಿಯನ್ನ ಮಾತ್ರ ಖಾಲಿ ಮಾಡಿಬಿಡಿ.


ರ್ಯಾರಿಟನ್‌ತೀರ:

ರಾಯರೇ, ಕಾಲಿಗೆ ಬಿದ್ದೆ. ಹುಣಸೆಹಣ್ಣು ಸಾರಿಗೆ ಹೋಯ್ತು. ಮಗಳ ಸೈನ್ಸ್ ಕಿಟ್ಟಿನ ಲೆನ್ಸ್ ಹಿಡಿದು ನೋಡಿದೆ, ಎ-ಓ-1972 ಅಂತಲೇ ಇದೆ. ಫಳಫಳ ಅಂದಿದ್ದೇ ನಕಲಿ!

ಒಂದು ವಿಷಯ ಹೇಳಬೇಕು. ನಾನು ವಾರಕ್ಕೆ ಮೂರು ದಿನ ರೈಲಲ್ಲಿ ನ್ಯೂಆರ್ಕ್ ದಾಟಿ ಮ್ಯಾನ್‌ಹಟನ್ನಿಗೆ ಹೋಗ್ತೀನಿ. ಹನ್ನೊಂದು ವರ್ಷದಿಂದ ಆ ಸ್ಟೇಷನ್ ಅಂದರೆ ನನಗೆ ಸೀಟು ಸಿಗೋ ಜಾಗ ಅಷ್ಟೇ. ನಿನ್ನೆ ಕಿಟಕಿಯಾಚೆ ಹಳೇ ಇಟ್ಟಿಗೆ ಗೋಡೆ ಕಂಡಾಗೆಲ್ಲ ಇದೇ ಇರಬಹುದಾ, ಅದೇ ಇರಬಹುದಾ ಅಂತ ಬಗ್ಗಿ ಬಗ್ಗಿ ನೋಡಿದೆ. ಪಕ್ಕದವರು ಏನಂದುಕೊಂಡರೋ.

ಡಬ್ಬಿಯ ತಳದ ಕಾಗದ ಎತ್ತಿದಾಗ ಇನ್ನೊಂದು ಸಿಕ್ಕಿತು. ಮೆಕಿನ್ಲಿಯದ್ದೇ, ಸುತ್ತ ಕಪ್ಪು ಅಂಚು, ಕೆಳಗೆ ಮುದುಡಿದ ಕಪ್ಪು ರಿಬ್ಬನ್ ಚೂರು. ಮತ್ತೆ ಸೂಪರ್‌ಮ್ಯಾನ್ ಬಗ್ಗೆ ಯಾರೂ ಹೇಳಲೇ ಇಲ್ಲ. ಹಿಂದೆ "ಕೆಲಾಗ್ಸ್ ಪೆಪ್" ಅಂತಿದೆ.


ತಗಡುರಾಯ:

ಕಪ್ಪು ರಿಬ್ಬನ್ ಅಂದರೆ 1901. ಆ ಸೆಪ್ಟೆಂಬರಿನಲ್ಲಿ ಬಫಲೋ ಊರಿನ ವಸ್ತುಪ್ರದರ್ಶನದಲ್ಲಿ ಮೆಕಿನ್ಲಿಗೆ ಗುಂಡು ಹಾರಿಸಿದರು, ಎಂಟು ದಿನ ಬದುಕಿದ್ದು 14ನೇ ತಾರೀಖು ತೀರಿಕೊಂಡರು. ಜನ ಎದೆಗೆ ಚುಚ್ಚಿಕೊಂಡ ಶೋಕದ ಬಿಲ್ಲೆ ಅದು. ವರ್ಷದ ಹಿಂದೆ ಓಟು ಕೇಳೋಕೆ ಹಾಕಿಕೊಂಡವರೇ ಇದನ್ನೂ ಹಾಕಿಕೊಂಡಿರಬಹುದು. ನಿಮ್ಮ 43ರಲ್ಲಿ, ಈಗ 44ರಲ್ಲಿ, ನನಗೆ ಬೇಕು ಅನ್ನಿಸೋದು ಇದೊಂದೇ.

ಸೂಪರ್‌ಮ್ಯಾನ್ ಬೆಳಗಿನ ತಿಂಡಿಯ ಪೊಟ್ಟಣದಲ್ಲಿ ಬಂದದ್ದು, 1945ರಿಂದ 47ರ ನಡುವೆ. ಐದು ಕಂತು, ಕಂತಿಗೆ 18 ಬಿಲ್ಲೆ. ಸೂಪರ್‌ಮ್ಯಾನ್ ಮಾತ್ರ ಐದರಲ್ಲೂ ಇದ್ದ, ಹಾಗಾಗಿ ಬೇರೆ ಬೇರೆ ಚಿತ್ರ ಒಟ್ಟು 86. ಐದು ಕಂತಲ್ಲೂ ಇದ್ದವನು ಅಪರೂಪ ಆಗೋದು ಕಷ್ಟ, ಬೆಲೆ ಬಗ್ಗೆ ಆಸೆ ಬೇಡ. ಬಿಲ್ಲೆ ಕೊಟ್ಟು ಸಾಮಾನು ಮಾರೋದು 1896ರಲ್ಲೇ ಸಿಗರೇಟಿನವರು ಶುರು ಮಾಡಿದ್ದರು, ಯೆಲ್ಲೋ ಕಿಡ್ ಅನ್ನೋ ಪತ್ರಿಕೆ ವ್ಯಂಗ್ಯಚಿತ್ರದ ಹುಡುಗನ ಮುಖ ಹಾಕಿ.

ನಗುಮುಖದ ಚಿತ್ರ ಹುಟ್ಟಿದ್ದು 1963ರಲ್ಲಿ. ಮ್ಯಾಸಚೂಸೆಟ್ಸಿನ ವೂಸ್ಟರ್ ಊರಲ್ಲಿ ಹಾರ್ವಿ ಬಾಲ್ ಎಂಬ ಚಿತ್ರಕಾರ ಒಂದು ವಿಮಾ ಕಂಪನಿಯ ನೌಕರರನ್ನ ನಗಿಸೋಕೆ ಬರೆದುಕೊಟ್ಟದ್ದು. ಕೂಲಿ 45 ಡಾಲರ್. ಹಕ್ಕು ಬರೆಸಿಕೊಳ್ಳಲಿಲ್ಲ. ಮುಂದೆ ಬೇರೆಯವರು ಕೋಟಿಗಟ್ಟಲೆ ಮಾರಿದರು. ನಿಮ್ಮದು 1970ರ ಆಚೀಚಿನದು ಇರಬೇಕು.


ರ್ಯಾರಿಟನ್‌ತೀರ:

ರಾಯರೇ, ಒಂದು ತಪ್ಪು ಮಾಡಿಬಿಟ್ಟೆನೋ ಏನೋ. ಶೋಕದ ಬಿಲ್ಲೆ ಅಂತ ತಿಳಿದ ಮೇಲೆ ಮನಸ್ಸು ತಡೀಲಿಲ್ಲ, ಡಬ್ಬಿ ಸಮೇತ ಆ ಮನೆಗೆ ಹೋಗಿ "ಇದರಲ್ಲಿ ಹಳೇದು ಎರಡಿದೆ, ಬೇಕಾದರೆ ವಾಪಸ್ ತಗೊಳ್ಳಿ" ಅಂದೆ. ಮೊಮ್ಮಗ ಎಲ್ಲ ಕೆದಕಿ ನೋಡಿ ಆ ಹಳದಿ ನಗುಮುಖ ಒಂದನ್ನೇ ಆರಿಸಿಕೊಂಡ. ಅಜ್ಜಿಯ ಚಳಿಗಾಲದ ಕೋಟಿನ ಮೇಲೆ ಅದು ಯಾವಾಗಲೂ ಇರ್ತಿತ್ತಂತೆ. ಮೆಕಿನ್ಲಿ ಯಾರು ಅಂತ ನನ್ನನ್ನೇ ಕೇಳಿದ.

ಬರುವಾಗ ಕುರ್ಚಿ ಪುಕ್ಕಟೆ ಕೊಟ್ಟ. ರಿಬ್ಬನ್ ತುಂಬ ಸುಕ್ಕಾಗಿದೆ, ಸಣ್ಣ ಬಿಸಿಯಲ್ಲಿ ಇಸ್ತ್ರಿ ಹಾಕಬಹುದಾ?


ತಗಡುರಾಯ:

ಇಸ್ತ್ರಿ ಪೆಟ್ಟಿಗೆ ಮುಟ್ಟಿದರೆ ನಾನೇ ಎಡಿಸನ್ನಿಗೆ ಬರಬೇಕಾಗುತ್ತೆ. ಸುಕ್ಕು ಹಾಗೇ ಇರಲಿ.