ಸಾಲ ತೀರುವ ತನಕ ದಶಮಾಂಶವನ್ನು ಕಡಿಮೆ ಮಾಡಬಹುದೇ?

ಪ್ರಶ್ನೆ: ಸಕಲೇಶಪುರದ ಸಹೋದರಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನನ್ನ ಯಜಮಾನರು ಇಲ್ಲಿಯ ಒಂದು ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದಾರೆ, ನಾನು ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಇಬ್ಬರ ಸಂಬಳವೂ ಸೇರಿ ತಿಂಗಳಿಗೆ 40,000 ರೂಪಾಯಿ ಬರುತ್ತದೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಅಂದಿನಿಂದಲೂ ಸಂಬಳ ಕೈಗೆ ಬಂದ ಕೂಡಲೇ ದಶಮಾಂಶವೆಂದು ಹತ್ತರಲ್ಲೊಂದು ಪಾಲನ್ನು ಲಕೋಟೆಗೆ ಹಾಕಿ ಬೈಬಲಿನೊಳಗೆ ಇಟ್ಟು, ತಿಂಗಳ ಮೊದಲ ಭಾನುವಾರ ಕಾಣಿಕೆಗೆ ಹಾಕುವುದು ನಮ್ಮ ಮನೆಯ ರೂಢಿ.

ಮೂರು ವರ್ಷದ ಹಿಂದೆ ಅತ್ತೆಯವರಿಗೆ ಶಸ್ತ್ರಚಿಕಿತ್ಸೆಯಾದಾಗ ನನ್ನ ಸರವನ್ನೂ ಎರಡು ಬಳೆಗಳನ್ನೂ (ಒಟ್ಟು 32 ಗ್ರಾಂ) ಅಡವಿಟ್ಟು 1,20,000 ರೂಪಾಯಿ ತಂದೆವು. ವರ್ಷ ವರ್ಷವೂ ಬಡ್ಡಿ ಕಟ್ಟಿ ನವೀಕರಿಸುತ್ತಿದ್ದೇವೆಯೇ ಹೊರತು ಅಸಲು ಹಾಗೆಯೇ ಉಳಿದಿದೆ. ಪರಿಚಯದವರೊಬ್ಬರಿಂದ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಮೇಲೆ 50,000 ಕೈಸಾಲವಿದೆ. ಇವಲ್ಲದೆ ಸಂಘದ ಎರಡು ಸಾಲಗಳಿಗೆ ಪ್ರತಿ ಮಂಗಳವಾರ 2,000 ರೂಪಾಯಿ ಕಂತು ಕಟ್ಟಬೇಕು. ಅತ್ತೆಯವರ ಮಾತ್ರೆ, ಇನ್ಸುಲಿನ್‌ಗೆ ತಿಂಗಳಿಗೆ 2,800 ಬೇಕಾಗುತ್ತದೆ.

ಕಳೆದ ತಿಂಗಳು ಭಾನುವಾರ 4,000 ರೂಪಾಯಿಯ ಲಕೋಟೆಯನ್ನು ಕಾಣಿಕೆಗೆ ಹಾಕಿ ಬಂದೆ. ಮಂಗಳವಾರ ಕಂತಿಗೆ ಹಣ ಸಾಲದೆ ಪಕ್ಕದ ಮನೆಯವರ ಬಳಿ 2,000 ಸಾಲ ಕೇಳಿದೆ. ದೇವರಿಗೆ ಕೊಡುವುದಕ್ಕಾಗಿಯೇ ಸಾಲ ಮಾಡಿದಂತಾಯಿತಲ್ಲ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅತ್ತೆಯವರು ಇನ್ಸುಲಿನ್ ಮುಗಿದ ವಿಷಯವನ್ನು ನನಗೆ ಹೇಳದೆ ಎರಡು ದಿನ ಹಾಗೆಯೇ ಇದ್ದರು ಎಂಬುದು ಆಮೇಲೆ ತಿಳಿಯಿತು. ಸಭೆಯ ಹಿರಿಯರೊಬ್ಬರಲ್ಲಿ ಕೇಳಿದರೆ, ಬೈಬಲಿನಲ್ಲಿ ಪ್ರವಾದಿ ಮಲಾಕಿಯ ಗ್ರಂಥದ ಮೂರನೆಯ ಅಧ್ಯಾಯವನ್ನು ತೆರೆದು, ದಶಮಾಂಶವನ್ನು ತಡೆಹಿಡಿಯುವವರು ದೇವರದನ್ನೇ ಕದ್ದವರು ಎಂದರು. ಸಾಲ ತೀರುವವರೆಗೆ ಕಡಿಮೆ ಕೊಟ್ಟರೆ ಅದು ಅಪನಂಬಿಕೆಯಾಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಚಿಕ್ಕಮಗಳೂರಿನ ನಿವೃತ್ತ ಬ್ಯಾಂಕ್ ನೌಕರ

ಸಹೋದರಿಯವರೇ, ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ಕಲಕಿದ್ದು ಇನ್ಸುಲಿನ್ ಇಲ್ಲದ ಆ ಎರಡು ದಿನಗಳು. ಆದ್ದರಿಂದ ಮೊದಲು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯವನ್ನು ಓದಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಅವರಿಗೆ ನೆರವಾಗದೆ ಇರುವವರನ್ನು ಯೇಸುಸ್ವಾಮಿ ಅಲ್ಲಿ ಬಹಳ ಕಟುವಾಗಿ ಖಂಡಿಸುತ್ತಾನೆ. ನೀವು ಹಾಗೆ ಮಾಡಿದವರಲ್ಲ, ನಿಮಗೆ ವಿಷಯವೇ ತಿಳಿದಿರಲಿಲ್ಲ. ಆದರೆ ಇನ್ನು ಮುಂದೆ ಆ 2,800 ರೂಪಾಯಿಯನ್ನು ಲಕೋಟೆಗಿಂತ ಮೊದಲು ತೆಗೆದಿಟ್ಟರೆ ಯಾವ ಪಾಪವೂ ಆಗುವುದಿಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮಲಾಕಿಯ ಮಾತು ಸತ್ಯ, ಆದರೆ ಅದನ್ನು ಅರ್ಧಕ್ಕೆ ನಿಲ್ಲಿಸಬಾರದು. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಪ್ರಕಾರ ದಶಮಾಂಶವು ಹೊಲದ ಬೆಳೆಯಿಂದ ಕೊಡತಕ್ಕದ್ದಾಗಿತ್ತು, ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲಿಯೇ ಕೂಡಿಟ್ಟು ದೇವರ ಸೇವೆಗೆ ಮೀಸಲಾದ ಲೇವಿಯರಿಗೂ ಪರದೇಶಿ, ಅನಾಥ, ವಿಧವೆಯರಿಗೂ ಉಣ್ಣಲು ಬಿಡಬೇಕಾಗಿತ್ತು. ಸಾಲ ತಂದು ಕೊಡು ಎಂದು ಅಲ್ಲಿ ಎಲ್ಲಿಯೂ ಇಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಪೌಲನು ಒತ್ತಾಯದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟನ್ನು ಸಂತೋಷದಿಂದ ಕೊಡಿರಿ ಎನ್ನುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ಮೂರು ರೂಪಾಯಿ ಬಡ್ಡಿಯ 50,000ಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000 ಹೋಗುತ್ತದೆ. ಅಂದರೆ ಮೂರು ವರ್ಷ ತುಂಬುವ ಮೊದಲೇ ಅಸಲಿನಷ್ಟು ಬಡ್ಡಿ ಕಟ್ಟಿದ ಮೇಲೂ ಸಾಲ ಇದ್ದಂತೆಯೇ ಇರುತ್ತದೆ. ನೆಹೆಮೀಯನ ಐದನೆಯ ಅಧ್ಯಾಯದಲ್ಲಿ, ಬರಗಾಲಕ್ಕೆ ಹೊಲ ಅಡವಿಟ್ಟ ಬಡವರಿಂದ ನೂರಕ್ಕೊಂದು ಪಾಲು ವಸೂಲು ಮಾಡುತ್ತಿದ್ದ ಶ್ರೀಮಂತರನ್ನು ಅವನು ಗದರಿಸುತ್ತಾನೆ; ನಿಮ್ಮಿಂದ ಹೋಗುತ್ತಿರುವುದು ನೂರಕ್ಕೆ ಮೂರು.

ಚಿನ್ನದ ವಿಷಯದಲ್ಲಿ ಒಂದು ಮಾತು ಹೇಳುತ್ತೇನೆ, ಹೆಣ್ಣುಮಕ್ಕಳಿಗೆ ಇದು ಕಷ್ಟದ ಮಾತೆಂದು ಬಲ್ಲೆ. ನೀವು ಅಡವಿಟ್ಟ ಕಾಲಕ್ಕಿಂತ ಈಗ ಚಿನ್ನದ ಬೆಲೆ ಬಹಳ ಏರಿದೆ, 2025ರಲ್ಲಿ ಹತ್ತು ಗ್ರಾಂಗೆ ಲಕ್ಷವನ್ನು ದಾಟಿತು. ಎರಡು ಬಳೆಗಳು ಸೇರಿ 16 ಗ್ರಾಂ ತೂಗುವುದಾದರೆ, 22 ಕ್ಯಾರೆಟ್‌ನ ಲೆಕ್ಕದಲ್ಲಿ, ಅಂಗಡಿಯವರು ಕಳೆಯುವುದನ್ನು ಕಳೆದರೂ, ಅವುಗಳ ಬೆಲೆಯಲ್ಲಿಯೇ ಅಡವಿನ ಸಾಲ ಹೆಚ್ಚುಕಡಿಮೆ ತೀರುತ್ತದೆ, ಸರ ಮನೆಗೆ ಬರುತ್ತದೆ. ವರ್ಷಕ್ಕೆ ಶೇಕಡ 12ರಂತೆ ಹಿಡಿದರೂ ತಿಂಗಳಿಗೆ 1,200 ರೂಪಾಯಿ ಬಡ್ಡಿ ಉಳಿಯುತ್ತದೆ. ಅದನ್ನು ಕೈಸಾಲದ ಅಸಲಿಗೆ ಕಟ್ಟಿ, ಕಟ್ಟಿದ್ದಕ್ಕೆಲ್ಲ ಅವರಿಂದ ಬರವಣಿಗೆಯಲ್ಲಿ ರಸೀದಿ ಪಡೆಯಿರಿ. ಒಂದು ಸಾಲ ತೀರಿಸಲು ಸಂಘದಲ್ಲಿ ಮೂರನೆಯ ಸಾಲವನ್ನು ಮಾತ್ರ ಎತ್ತಬೇಡಿ. ನನ್ನ ನೌಕರಿಯ ಕಾಲದಲ್ಲಿ ನಾನು ಕಂಡ ಮುಳುಗಿದ ಮನೆಗಳಲ್ಲಿ ಹೆಚ್ಚಿನವು ಮೊದಲ ಸಾಲದಿಂದ ಮುಳುಗಿದವಲ್ಲ, ಅದನ್ನು ತೀರಿಸಲು ತಂದ ಸಾಲದಿಂದ ಮುಳುಗಿದವು.

ಉತ್ತರ: ಹಾಸನದಿಂದ, ಒಂದು ಸಭೆಯ ಖಜಾಂಚಿ

ಮೇಲಿನ ಹಿರಿಯರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೂ ಸಹೋದರಿಯವರು ಲಕೋಟೆಯನ್ನು ಪೂರ್ತಿಯಾಗಿ ನಿಲ್ಲಿಸಬಾರದೆಂದು ಕೇಳಿಕೊಳ್ಳುತ್ತೇನೆ. ಹತ್ತು ವರ್ಷದ ಹಿಂದೆ ಬೈಕಿನ ಸಾಲ ತೀರುವ ತನಕ ಎಂದು ನಾನು ದಶಮಾಂಶ ನಿಲ್ಲಿಸಿದೆ. ಬೈಕಿನ ಸಾಲ ತೀರುವಷ್ಟರಲ್ಲಿ ಫ್ರಿಜ್ ಬಂತು, ಫ್ರಿಜ್ ತೀರುವಷ್ಟರಲ್ಲಿ ಮನೆಯ ಚಾವಣಿ ಬಂತು. ನಾಲ್ಕು ವರ್ಷ ಒಂದು ಪೈಸೆಯನ್ನೂ ಕೊಡಲಿಲ್ಲ, ಸಾಲವೂ ಕಡಿಮೆಯಾಗಲಿಲ್ಲ. ಕೊಡುವ ಕೈ ಮುಚ್ಚಿದ ಮೇಲೆ ಅದನ್ನು ಮತ್ತೆ ತೆರೆಯುವುದು ನನಗೆ ಬಹಳ ಕಷ್ಟವಾಯಿತು. ಐನೂರಾದರೂ ಸರಿ, ತಿಂಗಳು ತಪ್ಪದೆ ಹಾಕಿರಿ.

ಇನ್ನೊಂದು ವಿಷಯ. ನಿಮ್ಮ ಪಾಸ್ಟರಲ್ಲಿ ನಿಮ್ಮ ಸಾಲದ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿರಿ. ಸಭೆಯ ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಕಾಣಿಕೆಯ ಹಣದಲ್ಲಿ ವಿದ್ಯುತ್ ಬಿಲ್ಲನ್ನೂ ಪಾಸ್ಟರ ಸಂಬಳವನ್ನೂ ಕೊಟ್ಟ ಮೇಲೆ ಉಳಿಯುವುದು ಇಂಥ ಮನೆಗಳಿಗಾಗಿಯೇ ಖರ್ಚಾಗಬೇಕು. ನಾಲ್ಕು ಸಾವಿರ ಕೊಟ್ಟ ಮನೆಯಲ್ಲಿ ಇನ್ಸುಲಿನ್ ಇಲ್ಲವೆಂಬುದು ಆ ಸಭೆಗೆ ತಿಳಿಯದೆ ಹೋದದ್ದು ಸಭೆಯ ಕೊರತೆ, ನಿಮ್ಮದಲ್ಲ.

ಉತ್ತರ: ಮೂಡಿಗೆರೆಯ ಸಣ್ಣ ಬೆಳೆಗಾರ

ಅಕ್ಕ, ನಮ್ಮದು ವರ್ಷಕ್ಕೊಮ್ಮೆ ಹಣ ಕಾಣುವ ಮನೆ, ಆದ್ದರಿಂದ ತಿಂಗಳ ಸಂಬಳದ ವಿಷಯದಲ್ಲಿ ಹೆಚ್ಚು ಹೇಳಲಾರೆ. ಆದಿಕಾಂಡದ 41ರಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಎತ್ತಿಡಲು ಹೇಳಿದ್ದನ್ನು ನಾನು ಕಾಫಿಗೆ ಅನ್ವಯಿಸಿಕೊಂಡಿದ್ದೇನೆ. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಐದರಲ್ಲೊಂದು ಪಾಲನ್ನು ಠೇವಣಿ ಇಟ್ಟೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷಕ್ಕೆ ಅದೇ ಆಧಾರ. ಯಜಮಾನರಿಗೆ ಕೊಯ್ಲು ಮುಗಿದ ಮೇಲೆ ಬೋನಸ್ ಬರುವುದಾದರೆ ಅದನ್ನು ಹಬ್ಬದ ಬಟ್ಟೆಗೆ ಮೊದಲು ಕೈಸಾಲಕ್ಕೆ ಕಟ್ಟಿಬಿಡಿ.

ಮಲಾಕಿಯ ಅದೇ ಮೂರನೆಯ ಅಧ್ಯಾಯದ ಐದನೆಯ ವಚನವನ್ನು ನಿಮ್ಮ ಹಿರಿಯರಿಗೆ ತೋರಿಸಿರಿ. ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡುವವರ ಮೇಲೆಯೂ ವಿಧವೆಯನ್ನು ಬಾಧಿಸುವವರ ಮೇಲೆಯೂ ದೇವರ ನ್ಯಾಯತೀರ್ಪು ಬರುವುದೆಂದು ಅಲ್ಲಿದೆ. ಅದನ್ನು ಓದಿದಂದಿನಿಂದ ನಾನು ಕೊಯ್ಲಿನವರ ಬಟವಾಡೆ ಪೂರ್ತಿಯಾದ ಮೇಲೆಯೇ ದಶಮಾಂಶದ ಲೆಕ್ಕಕ್ಕೆ ಕೂರುತ್ತೇನೆ.

ಸಕಲೇಶಪುರದ ಸಹೋದರಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಯಜಮಾನರೊಡನೆ ಕುಳಿತು ಎಲ್ಲವನ್ನೂ ಒಂದೇ ನೋಟುಬುಕ್ಕಿನಲ್ಲಿ ಬರೆದೆವು. ನನಗೆ ತಿಳಿಯದ ಇನ್ನೊಂದು 6,000 ಕೈಸಾಲ ಆಗ ಹೊರಬಂತು. ಅವರು ಬಹಳ ಹೊತ್ತು ತಲೆಯೆತ್ತಲಿಲ್ಲ. ಬಳೆಗಳು ನನ್ನ ತಾಯಿ ಕೊಟ್ಟವು, ಆದರೂ ಮಾರಲು ಒಪ್ಪಿದ್ದೇನೆ. ಲಕೋಟೆಗೆ ಈ ತಿಂಗಳಿಂದ 1,000 ಹಾಕುತ್ತೇವೆ, ಕೈಸಾಲ ತೀರಿದ ತಿಂಗಳು 2,000 ಮಾಡುತ್ತೇವೆ. ಇನ್ಸುಲಿನ್ ಹಣಕ್ಕೆ ಬೇರೆ ಲಕೋಟೆ ಮಾಡಿ ಅದನ್ನೂ ಬೈಬಲಿನೊಳಗೇ ಇಟ್ಟಿದ್ದೇನೆ. ಪಾಸ್ಟರಲ್ಲಿ ಮಾತನಾಡಲು ಇನ್ನೂ ಸಂಕೋಚವಾಗುತ್ತಿದೆ, ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರೂ ಹೋಗುತ್ತೇವೆ.