ಮೂರು ವರ್ಷದ ಮಕ್ಕಳ ಬಾಯಿ ಬಿಡಿಸೋದು ಹೇಗೆ? ಭಾಷಾ ಕಲಿಕೆ ಬಗ್ಗೆ ಸಂಶೋಧನೆ ಮಾಡಿದವರು ಅನುಭವ ಹೇಳಿ

ಪ್ರಶ್ನೆ (ಎಂ.ಎ. ಭಾಷಾವಿಜ್ಞಾನ, ಎರಡನೇ ವರ್ಷ)

ಎಲ್ಲರಿಗೂ ನಮಸ್ಕಾರ. ನನ್ನ ಪ್ರಬಂಧದ ವಿಷಯ ‘ಇಸು’, ಇನ್ನೊಬ್ಬರಿಂದ ಮಾಡಿಸೋದು ಅನ್ನುವ ಅರ್ಥ ಕೊಡುವ ಪ್ರತ್ಯಯ. ಅಂದರೆ ಕುಣಿ–ಕುಣಿಸು, ಏರು–ಏರಿಸು, ಓಡು–ಓಡಿಸು. ಮೂರರಿಂದ ನಾಲ್ಕು ವರ್ಷದ ಮಕ್ಕಳಿಗೆ ಈ ವ್ಯತ್ಯಾಸ ಎಷ್ಟು ಅರ್ಥವಾಗುತ್ತೆ ಅಂತ ನೋಡಬೇಕು. ಹೋದ ವಾರ ನಮ್ಮ ಪಕ್ಕದೂರಿನ ಅಂಗನವಾಡಿಗೆ ಹೋಗಿದ್ದೆ. ಚಿತ್ರ ತೋರಿಸಿ ‘ಇದರಲ್ಲಿ ಏನಾಗುತ್ತಿದೆ?’ ಅಂತ ಕೇಳಿದೆ. ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳು ಬಾಯೇ ಬಿಡಲಿಲ್ಲ. ಇಬ್ಬರು ಎಲ್ಲದಕ್ಕೂ ‘ಹೂಂ’. ಒಬ್ಬಳು ಅತ್ತಳು. ಒಬ್ಬ ಚಿತ್ರ ಮಡಚಿ ಜೇಬಿಗೆ ಹಾಕಿಕೊಂಡ. ಗೈಡ್ 40 ಮಕ್ಕಳ ಡೇಟಾ ಕೇಳಿದ್ದಾರೆ, ಕೈಯಲ್ಲಿರೋದು ಮೂರೇ ತಿಂಗಳು. ಇಂಥ ಕೆಲಸ ಮಾಡಿದವರು ಹೇಗೆ ಮಾಡಿದಿರಿ? ಎಲ್ಲಿ ಎಡವಿದಿರಿ ಅನ್ನೋದನ್ನೂ ಹೇಳಿದರೆ ಒಳ್ಳೆಯದು.

ಮೈಸೂರಿನಿಂದ (ಪಿಎಚ್‌ಡಿ ಮುಗಿಸಿದವರು)

ಮೊದಲು ಆ ಚಿತ್ರಗಳನ್ನು ಚೀಲಕ್ಕೆ ಹಾಕಿ. ‘ಏನಾಗುತ್ತಿದೆ’ ಅಂತ ದೊಡ್ಡವರು ಕೇಳಿದರೆ ಮಗುವಿಗೆ ಅದು ಪರೀಕ್ಷೆ. ಚಿತ್ರ ನಿಮ್ಮ ಕೈಯಲ್ಲೇ ಇದೆ, ನಿಮಗೂ ಕಾಣಿಸುತ್ತೆ. ಮತ್ತೆ ತಾನು ಯಾಕೆ ಹೇಳಬೇಕು?

ನಾನು ಆಟಿಕೆ ಪ್ರಾಣಿಗಳನ್ನು ಇಟ್ಟುಕೊಂಡು ಮಾಡಿದೆ. ನಾವು ಒಂದು ವಾಕ್ಯ ಹೇಳೋದು, ಮಗು ಪ್ರಾಣಿ ಹಿಡಿದು ಆಡಿ ತೋರಿಸೋದು. ಮಗು ಮಾತಾಡಲೇಬೇಕು ಅಂತಿಲ್ಲ. ನಿಮ್ಮ ವಿಷಯದ ಮೇಲೇ ಈ ಥರದ ಒಂದು ಹೆಸರಾದ ಕೆಲಸ ಇದೆ, ನೋಡಿರಬಹುದು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಮೂವರೂ ಸೇರಿ 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅವರು ಕನ್ನಡವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಇಂಗ್ಲಿಷ್‌ನಲ್ಲಿ ‘ಇಸು’ವಿನ ಥರ ಎಲ್ಲ ಕಡೆ ಹತ್ತುವ ಪ್ರತ್ಯಯ ಇಲ್ಲ. ನಮ್ಮಲ್ಲಿ ಏರು ಅಂದರೆ ತಾನೇ ಹತ್ತೋದು, ಏರಿಸು ಅಂದರೆ ಇನ್ನೊಬ್ಬರನ್ನು ಹತ್ತಿಸೋದು. ಕ್ರಿಯಾಪದದ ಮೇಲೇ ಗುರುತು ಇದೆ. ಹಾಗಿದ್ದ ಮೇಲೆ ಕನ್ನಡದ ಮಕ್ಕಳು ಆ ಗುರುತನ್ನೇ ನಂಬಬೇಕಲ್ವಾ? ನಂಬಲಿಲ್ಲ! ವಾಕ್ಯದಲ್ಲಿ ಎಷ್ಟು ಹೆಸರು ಬಂತು ಅನ್ನೋದನ್ನು ನೋಡಿದರು. ಎರಡು ಪ್ರಾಣಿಯ ಹೆಸರು ಬಂದರೆ ಒಂದು ಇನ್ನೊಂದಕ್ಕೆ ಏನೋ ಮಾಡಿಸುತ್ತೆ. ಒಂದೇ ಬಂದರೆ ಅದು ತಾನೇ ಮಾಡುತ್ತೆ. ‘ಇಸು’ ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ‘ಮೊಸಳೆ ಕುದುರೆಯನ್ನು ಮೇಲಕ್ಕೆ ಏರುತ್ತದೆ’ ಅನ್ನುವಂಥ, ನಮಗೆ ಕೇಳಿದ ಕೂಡಲೇ ಕಿವಿ ಚುಚ್ಚುವ ವಾಕ್ಯಕ್ಕೂ ಮಕ್ಕಳು ಕುದುರೆಯನ್ನು ಏರಿಸಿಯೇ ತೋರಿಸುವ ಕಡೆಗೆ ವಾಲಿದರು.

ಇದನ್ನು ಓದಿ ‘ಮಕ್ಕಳಿಗೆ ಇಸು ಬರೋದಿಲ್ಲ’ ಅಂತ ಬರೆದುಬಿಡಬೇಡಿ. ‘ಅಮ್ಮಾ ಚಡ್ಡಿ ಹಾಕ್ಸು’ ಅಂತ ಬೆಳಗ್ಗೆ ಎದ್ದರೆ ಕೂಗುವ ಮಕ್ಕಳು ಇವು. ಹೊಸ ವಾಕ್ಯ ಕಿವಿಗೆ ಬಿದ್ದಾಗ ಮೊದಲು ಯಾವ ಹಗ್ಗ ಹಿಡಿಯುತ್ತವೆ ಅನ್ನೋದು ಪ್ರಶ್ನೆ.

ನಾನು ಎಡವಿದ್ದು ಅಂಕ ಹಾಕುವಾಗ. ಲಿಡ್ಜ್ ತಂಡವನ್ನು ನೋಡಿ ನಾನೂ ಮೊಸಳೆ ಇಟ್ಟುಕೊಂಡಿದ್ದೆ. ನಾಲ್ಕನೇ ವಾಕ್ಯಕ್ಕೆ ಒಬ್ಬ ಹುಡುಗ ಮೊಸಳೆಯಿಂದ ಕುದುರೆಯನ್ನು ತಿನ್ನಿಸಿಬಿಟ್ಟ. ಈಗ ಅದನ್ನು ‘ತಾನೇ ಮಾಡಿತು’ ಕಾಲಮ್ಮಿಗೆ ಹಾಕೋದೋ, ‘ಮಾಡಿಸಿತು’ ಕಾಲಮ್ಮಿಗೋ? ಆ ರಾತ್ರಿ ಕೂತು ನಿಯಮ ಬರೆದೆ, ಆದರೆ ಅಷ್ಟರಲ್ಲಿ ಆರು ಮಕ್ಕಳ ಡೇಟಾ ಕೆಟ್ಟಿತ್ತು. ನೀವು ಮೊದಲೇ ಬರೆದಿಡಿ. ಮಗುವಿನ ಕೈ ಕಾಣುವ ಹಾಗೆ ವಿಡಿಯೊ ಮಾಡಿ, ಧ್ವನಿ ಬಂದ್ ಮಾಡಿ ಇನ್ನೊಬ್ಬರಿಗೆ ತೋರಿಸಿ. ವಾಕ್ಯ ಯಾವುದು ಅಂತ ಗೊತ್ತಿಲ್ಲದೆ ಅವರೂ ಅಂಕ ಹಾಕಲಿ. ಇಬ್ಬರ ಅಂಕ ಎಲ್ಲಿ ಹೊಂದೋದಿಲ್ಲವೋ ಅಲ್ಲೇ ನಿಮ್ಮ ನಿಯಮದ ತೂತು ಇರುತ್ತೆ. ಮೊಸಳೆ ಮಾತ್ರ ಬೇಡ. ಆನೆ, ಕುದುರೆ, ಮೊಲ ಸಾಕು.

ಧಾರವಾಡ ಕಡೆಯಿಂದ

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ವಾಕ್ಯ ಯಾವ ಕನ್ನಡದ್ದು? ನಾನು ಎಂ.ಫಿಲ್.ಗೆ ‘ಆನೆಯು ಕುದುರೆಯನ್ನು ಕುಣಿಸುತ್ತದೆ’ ಅಂತ ಅಚ್ಚುಕಟ್ಟಾಗಿ ಬರೆದುಕೊಂಡು ಹೋಗಿದ್ದೆ. ನಮ್ಮ ಮಕ್ಕಳು ನನ್ನನ್ನೇ ಪ್ರಾಣಿ ನೋಡಿದ ಹಾಗೆ ನೋಡಿದವು. ‘ಆನಿ ಕುದರೀನ ಕುಣಸ್ತೈತಿ’ ಅಂದ ಮೇಲೆ ಕೈ ಮುಂದೆ ಬಂತು. ನೋಡಿ, ‘ಕುಣಿಸು’ ಇಲ್ಲಿ ‘ಕುಣಸು’ ಆಗಿದೆ, ‘ಇ’ ಹೋಗಿದೆ, ಉಳಿದಿರೋದು ಬರೀ ‘ಸ’. ನೀವು ಅಳೆಯಬೇಕು ಅಂತಿರೋದೇ ಆ ಗುರುತು. ಅದು ಮಗುವಿನ ಕಿವಿಗೆ ದಿನಾ ಯಾವ ರೂಪದಲ್ಲಿ ಬೀಳುತ್ತೆ ಅಂತ ಮೊದಲು ಒಂದು ದಿನ ಸುಮ್ನೆ ಕೂತು ಕೇಳಿ. ‘ಅನ್ನು’ ಕೂಡ ಹಾಗೇ. ‘ಚೆಂಡು ಒಗಿ’ ಅಂತಾರೆ ಹೊರತು ‘ಚೆಂಡನ್ನು’ ಅಂತ ಮನೆಯಲ್ಲಿ ಯಾರಂತಾರೆ?

ಎಲ್ಲ ವಾಕ್ಯಗಳನ್ನೂ ಅದೇ ಊರಿನ ಒಬ್ಬ ಹೆಣ್ಣುಮಗಳ ಧ್ವನಿಯಲ್ಲಿ ರೆಕಾರ್ಡ್ ಮಾಡಿಸಿದೆ. ಒಂದೊಂದು ಮಗುವಿಗೆ ಒಂದೊಂದು ಥರ ಹೇಳುವ ತೊಂದರೆಯೂ ತಪ್ಪಿತು.

ಸ್ಪೀಚ್ ಥೆರಪಿಸ್ಟ್ (11 ವರ್ಷದಿಂದ ಮಕ್ಕಳ ಜೊತೆ)

‘ಹೂಂ’ ಅಂದ ಆ ಇಬ್ಬರ ಬಗ್ಗೆ. ಈ ವಯಸ್ಸಿನಲ್ಲಿ ಹೌದೋ ಅಲ್ಲವೋ ಅಂತ ಕೇಳಿದರೆ ‘ಹೂಂ’ ಜಾಸ್ತಿ ಬರುತ್ತೆ. ಅರ್ಥವಾಗದಿದ್ದರೂ ಹೂಂ, ಬೇಸರವಾದರೂ ಹೂಂ. ಅದರ ಮೇಲೆ ನಮ್ಮಲ್ಲಿ ‘ಮಿಸ್ಸಿಗೆ ಎದುರು ಮಾತಾಡಬಾರದು’ ಬೇರೆ. ನಾನು ಕೈಗೊಂಬೆ ಬಳಸುತ್ತೇನೆ. ‘ಈ ಮಂಗಣ್ಣನಿಗೆ ಕನ್ನಡ ಸರಿಯಾಗಿ ಬರಲ್ಲ, ತಪ್ಪು ಹೇಳಿದರೆ ನೀನೇ ಹೇಳಿಕೊಡು’ ಅಂದುಬಿಡಿ. ನಿಮಗೆ ಎದುರಾಡದ ಮಗು ಮಂಗಣ್ಣನ ಕಿವಿ ಹಿಂಡುತ್ತೆ. ಸತ್ಯ ಯಾವುದು, ಸುಳ್ಳು ಯಾವುದು ಅಂತ ಮಕ್ಕಳಿಂದಲೇ ತೀರ್ಪು ಹೇಳಿಸುವ ಪ್ರಯೋಗಗಳಲ್ಲಿ ಗೊಂಬೆ ಇರೋದು ಇದಕ್ಕೇ. ಮೊದಲ ಎರಡು ಮೂರು ವಾಕ್ಯದಲ್ಲಿ ಮಂಗಣ್ಣ ಢಾಳಾಗಿ ತಪ್ಪು ಹೇಳಲಿ. ಬಾಳೆಹಣ್ಣು ತೋರಿಸಿ ‘ಇದು ಬಸ್ಸು’ ಅನ್ನಲಿ. ಅದಕ್ಕೂ ‘ಹೂಂ’ ಅಂದ ಮಗುವಿನ ಉತ್ತರವನ್ನು ಲೆಕ್ಕಕ್ಕೆ ತಗೋಬೇಡಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಉತ್ತರ ಕೊಡದ ಮಗುವಿನ ಕಿವಿ ಸರಿಯಾಗಿದೆಯಾ ಕೇಳಿ. ಒಮ್ಮೆ ಒಬ್ಬ ವಿದ್ಯಾರ್ಥಿ ‘ಈ ಹುಡುಗಿಗೆ ವಿಭಕ್ತಿ ಪ್ರತ್ಯಯ ಒಂದೂ ಬರಲ್ಲ’ ಅಂತ ಬರೆದು ತಂದಿದ್ದ. ಮಗುವಿನ ಎರಡೂ ಕಿವಿ ಸೋರುತ್ತಿತ್ತು. ಪದದ ಕೊನೆಯ ಸಣ್ಣ ಸದ್ದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಅಂಥ ಮಗು ಸಿಕ್ಕರೆ ಮನೆಯವರಿಗೆ ಹೇಳಿ. ಮೈಸೂರು ಹತ್ತಿರವಿದ್ದರೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಬಹುದು.

ಬೆಂಗಳೂರಿನಿಂದ

ಮನೆಭಾಷೆ ಫಾರಂ ಬಗ್ಗೆ ನನ್ನ ಅನುಭವ. ‘ಮನೆಯಲ್ಲಿ ಯಾವ ಭಾಷೆ?’ ಅಂತ ಅಚ್ಚು ಹಾಕಿಸಿದ್ದೆ. ಬಹುತೇಕ ಎಲ್ಲರೂ ‘ಕನ್ನಡ’ ಅಂತ ಬರೆದರು. ಶಾಲೆಯಿಂದ ಬಂದ ಕಾಗದ, ಕನ್ನಡ ಅಂತ ಬರೆದರೆ ಒಳ್ಳೆಯದು ಅಂದುಕೊಂಡಿರಬೇಕು. ಆಮೇಲೆ ನೋಡಿದರೆ ಒಂದು ಮನೆಯಲ್ಲಿ ಅಜ್ಜಿ ತೆಲುಗು, ಇನ್ನೊಂದು ಮನೆಯಲ್ಲಿ ಅಪ್ಪ ಉರ್ದು, ಪಕ್ಕದ ಮನೆಯವರ ಜೊತೆ ತಮಿಳು. ಫಾರಂ ಹರಿದು ಹಾಕಿ ಬಾಯಲ್ಲೇ ಕೇಳಿದೆ: ಮಗು ಅಜ್ಜಿ ಹತ್ತಿರ ಊಟ ಬೇಕು ಅಂತ ಹೇಗೆ ಕೇಳುತ್ತೆ? ಮಲಗಿಸುವಾಗ ಏನು ಹಾಡುತ್ತೀರಿ? ಸಿಟ್ಟು ಬಂದರೆ ಯಾವ ಭಾಷೆಯಲ್ಲಿ ಬೈಯುತ್ತೀರಿ? ಬೈಗುಳದ ಪ್ರಶ್ನೆಗೆ ಎಲ್ಲರೂ ನಕ್ಕು ನಿಜ ಹೇಳಿದರು.

ಎರಡು ಭಾಷೆಯ ಮಕ್ಕಳನ್ನು ಬಿಟ್ಟುಬಿಡಿ ಅಂತ ನಿಮಗೆ ಯಾರಾದರೂ ಹೇಳಬಹುದು. ನನ್ನ ಮಟ್ಟಿಗೆ ಅದು ತಪ್ಪು. ಬಿಡುತ್ತಾ ಹೋದರೆ ಈ ಊರಿನಲ್ಲಿ ಉಳಿಯೋರು ಯಾರು?

ಶಿವಮೊಗ್ಗದಿಂದ (ಈಗ ಬೇರೆ ಕೆಲಸದಲ್ಲಿ)

ನಾನು ವಗ್ ಪರೀಕ್ಷೆಯನ್ನು ಕನ್ನಡಕ್ಕೆ ತರಲು ಹೋಗಿ ಮುಗ್ಗರಿಸಿದವನು. 1958ರಲ್ಲಿ ಜೀನ್ ಬರ್ಕೊ ಮಾಡಿದ್ದು ಅದು. ಎಲ್ಲೂ ಇಲ್ಲದ ಒಂದು ಹಕ್ಕಿ ತೋರಿಸಿ ‘ಇದು ವಗ್’ ಅನ್ನೋದು, ಎರಡು ತೋರಿಸಿ ಮಕ್ಕಳಿಂದ ಬಹುವಚನ ಹೇಳಿಸೋದು. ನಾನು ‘ಇದು ಟುಪ್ಪಿ. ಈಗ ಎರಡು ಏನಿದೆ?’ ಅಂತ ಕೇಳಿದೆ. ಎಲ್ಲರೂ ‘ಎರಡು ಟುಪ್ಪಿ’ ಅಂದರು. ‘ಗಳು’ ಯಾರೂ ಸೇರಿಸಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ನನ್ನ ಅಮ್ಮ ಫೋನಿನಲ್ಲಿ ‘ಅಂಗಳದಲ್ಲಿ ಎರಡು ನಾಯಿ ಮಲಗಿದಾವೆ’ ಅಂದರು. ಅಷ್ಟೇ. ಮಕ್ಕಳು ಸರಿ, ಪರೀಕ್ಷೆ ತಪ್ಪು.

ಮತ್ತೆ ‘ಗೆ’ ಹಿಡಿದೆ. ಮರಕ್ಕೆ, ಊರಿಗೆ, ನಾಯಿಗೆ, ಹುಡುಗನಿಗೆ: ಪದದ ಕೊನೆ ನೋಡಿ, ಅದು ಮನುಷ್ಯನೋ ವಸ್ತುವೋ ನೋಡಿ ರೂಪ ಬದಲಾಗುತ್ತೆ. ‘ಡೊಪ’ ಅಂತ ಒಂದು ಬಟ್ಟೆಯ ಉಂಡೆ ತೋರಿಸಿ ‘ನೀರು ಯಾರಿಗೆ ಕೊಡೋಣ?’ ಅಂದೆ. ಒಬ್ಬಳು ‘ಡೊಪನಿಗೆ’ ಅಂದಳು. ಉಂಡೆಗೆ ನಾನು ಕಣ್ಣು ಬರೆದಿದ್ದೆ! ‘ಯಾರಿಗೆ’ ಅಂತ ಬೇರೆ ಕೇಳಿದ್ದೆ. ಕಣ್ಣು ಅಳಿಸಿ, ‘ಯಾವುದಕ್ಕೆ’ ಅಂದ ಮೇಲೆ ‘ಡೊಪಕ್ಕೆ’ ಬರೋಕೆ ಶುರುವಾಯಿತು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಇನ್ನೊಂದು ಸಣ್ಣ ಪ್ರಶ್ನೆ. ಹೋಲಿಕೆಗೆ ದೊಡ್ಡವರಿಂದಲೂ ಇದೇ ವಾಕ್ಯಗಳನ್ನು ಲ್ಯಾಪ್‌ಟಾಪ್‌ನಲ್ಲಿ ಓದಿಸಿ, ಒಂದೊಂದು ಪದಕ್ಕೆ ಎಷ್ಟು ಸಮಯ ಬೇಕು ಅಂತ ಅಳೆಯಿರಿ ಅಂತಾರೆ ಗೈಡ್. ಕನ್ನಡ ಲಿಪಿಯಲ್ಲಿ ತೊಂದರೆ ಏನಾದರೂ ಇದೆಯಾ?

ಹೈದರಾಬಾದಿನಿಂದ ಒಬ್ಬ ಕನ್ನಡಿಗ

ಇದೆ. ಸೈಕೋಪೈ ಅನ್ನೋ ಪ್ರಯೋಗ ನಡೆಸುವ ಸಾಫ್ಟ್‌ವೇರ್‌ನಲ್ಲಿ ಮಾಡಬಹುದು, ಅದು ಉಚಿತ. ಆದರೆ ಪದದ ಉದ್ದ ಸರಿದೂಗಿಸುವಾಗ ಎಕ್ಸೆಲ್ ಹೇಳಿದ ಲೆಕ್ಕ ನಂಬಬೇಡಿ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್ ಬಳಸುವ ಯುನಿಕೋಡ್‌ನಲ್ಲಿ ಆರು ಸಂಕೇತ. ನಾನು ಮೊದಲ ಸಲ ಹಾಗೆ ಎಣಿಸಿ, ಒತ್ತಕ್ಷರದ ಪದಗಳೆಲ್ಲ ‘ಉದ್ದ ಪದ’ದ ಗುಂಪಿಗೆ ಹೋಗಿ ಕೂತಿದ್ದವು. ಅಕ್ಷರ ಕೈಯಲ್ಲೇ ಎಣಿಸಿ. ಅರ್ಕಾವತ್ತಿನ ಪದಗಳನ್ನು ಆದಷ್ಟು ಬಿಡಿ. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರೋದು ‘ರ್’. ಆದರೆ ಅದನ್ನು ‘೯’ ಥರ ಬರೆದಾಗ ಕಣ್ಣಿಗೆ ಸಿಗೋದು ಕೊನೆಗೆ. ಅಂಥ ಕಡೆ ನಿಧಾನವಾದರೆ ‘ಇಸು’ವಿನಿಂದಲೋ ಲಿಪಿಯಿಂದಲೋ ಅಂತ ಹೇಳೋಕೆ ಆಗಲ್ಲ. ಕನ್ನಡದ ಮಕ್ಕಳಿಗೆ ಅಕ್ಷರ ಪೂರ್ತಿ ಕೈವಶ ಆಗೋಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯುತ್ತೆ ಅಂತ ಓದು ಕಲಿಕೆಯ ಸಂಶೋಧಕಿ ಸೋನಾಲಿ ನಾಗ್ 2007ರಲ್ಲೇ ಬರೆದಿದ್ದಾರೆ. ನಮ್ಮ ಲಿಪಿಯೇ ಒಂದು ಬೇರೆ ಪ್ರಯೋಗ, ಎರಡನ್ನೂ ಕಲಸಬೇಡಿ.

ಅಂಗನವಾಡಿ ಕಾರ್ಯಕರ್ತೆ

ನಾನು ಓದಿದವಳಲ್ಲ ಅಂತ ಅಂದುಕೊಳ್ಳಬೇಡಿ, ಎಲ್ಲ ಓದಿದೆ. ಒಂದೆರಡು ಮಾತು. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನಿಂದ ಪತ್ರ ಇಲ್ಲದೆ ಬಂದರೆ ಮೇಲ್ವಿಚಾರಕಿ ಹತ್ತಿರ ಬೈಸಿಕೊಳ್ಳೋದು ನಾವು. ತಂದೆ ತಾಯಿ ಸಹಿ ನಾವೇ ಮಾಡಿಸಿ ಕೊಡಬೇಕು ಅಂತ ಫಾರಂ ಕಟ್ಟು ಕೊಟ್ಟು ಹೋಗಬೇಡಿ. ಮಗು ಬಿಡೋಕೆ ಬರುವ ಹೊತ್ತಿಗೆ ನೀವೇ ಬಾಗಿಲಲ್ಲಿ ನಿಂತು ವಿವರಿಸಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಯಾವ ಮಗುವೂ ನಿಮ್ಮ ಮಾತು ಕೇಳಲ್ಲ, ಊಟ ಆದ ಮೇಲೆ ಎಲ್ಲಕ್ಕೂ ನಿದ್ದೆ. ಮೊದಲ ಎರಡು ದಿನ ಏನೂ ಕೇಳದೆ ಮಕ್ಕಳ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಕುರ್ಚಿ ಮೇಲೆ ಕೂತವರನ್ನು ಕಂಡರೆ ಇಂಜೆಕ್ಷನ್ ಕೊಡೋಕೆ ಬಂದಿದ್ದಾರೆ ಅಂದುಕೊಳ್ಳುತ್ತವೆ. ಹೋದ ಸಲ ಬಂದ ಹುಡುಗ ಆಟಿಕೆ ಎಲ್ಲ ತೋರಿಸಿ ವಾಪಸ್ ಚೀಲಕ್ಕೆ ತುಂಬಿಕೊಂಡು ಹೋದ. ಆ ದಿನ ಸಂಜೆತನಕ ಅತ್ತವರನ್ನು ಸಮಾಧಾನ ಮಾಡಿದ್ದು ನಾನು.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ)

ಎರಡು ದಿನ ಸುಮ್ನೆ ನೆಲದ ಮೇಲೆ ಕೂತಿದ್ದೆ. ನಮ್ಮ ಕಡೆ ‘ಕುಣಿಸ್ತು’ ಅಂತಾರಾ ‘ಕುಣ್ಸ್ತು’ ಅಂತಾರಾ ಅಂತ ಬರೆದುಕೊಂಡೆ. ಪತ್ರ ಸಿಕ್ಕಿತು. ಇಲ್ಲಿಯವರೆಗೆ ಒಂಬತ್ತು ಮಕ್ಕಳು ಮುಗಿದಿದ್ದಾರೆ. ಅದರಲ್ಲಿ ಒಬ್ಬಳನ್ನು ಬಿಡಬೇಕಾಯಿತು, ಬಾಳೆಹಣ್ಣು ಬಸ್ಸು ಅಂದರೂ ಹೂಂ ಅಂದಳು. 40 ಆಗೋದು ಕಷ್ಟ ಅಂತ ಗೈಡ್‌ಗೆ ಹೇಳಿದೆ, 24 ಒಪ್ಪಿದ್ದಾರೆ. ಅತ್ತವಳು ಈಗ ಮಂಗಣ್ಣನಿಗೆ ಪಾಠ ಮಾಡುತ್ತಾಳೆ. ಚಿತ್ರ ಜೇಬಿಗೆ ಹಾಕಿಕೊಂಡವನು ಚೆನ್ನಾಗಿ ಆಡಿ ತೋರಿಸಿದ, ಕೊನೆಗೆ ಚಿತ್ರವನ್ನೂ ವಾಪಸ್ ತಂದುಕೊಟ್ಟ. ಸಂಜೆ ಚೀಲ ನೋಡಿದರೆ ಮೊಲ ಇಲ್ಲ.